ಉಸ್ತಾದರಿಗೊಂದು ಮದ್ರಸ

ಮಗುವನ್ನು ಶಾಲೆಗೆ ಸೇರಿಸುವಾಗ ನಾವು ಬಹಳಷ್ಟು ವಿಚಾರಿಸುತ್ತೇವೆ. ಫೀಸು ಎಷ್ಟು, ಕಳೆದ ವರ್ಷದ ಫಲಿತಾಂಶ ಹೇಗಿತ್ತು, ಕಟ್ಟಡ ಗಟ್ಟಿಯಾಗಿದೆಯೇ, ಮನೆಯಿಂದ ಎಷ್ಟು ದೂರ ಎಂದೆಲ್ಲಾ ಕೇಳುತ್ತೇವೆ. ಮದ್ರಸಕ್ಕೆ ಕಳಿಸುವಾಗ ಉಸ್ತಾದರು ಎಲ್ಲಿ ಕಲಿತವರು ಎಂದು ತಿಳಿದುಕೊಳ್ಳುತ್ತೇವೆ. ಇದೆಲ್ಲಾ ಕೇಳಬೇಕಾದದ್ದೇ. ಆದರೆ ಒಂದು ಪ್ರಶ್ನೆಯನ್ನು ನಾವು ಯಾರೂ ಕೇಳುವುದಿಲ್ಲ. ನನ್ನ ಮಗುವಿಗೆ ಕಲಿಸುವ ಈ ವ್ಯಕ್ತಿ ಈಗಲೂ ಕಲಿಯುತ್ತಿದ್ದಾರೆಯೇ?

ಈ ಪ್ರಶ್ನೆ ನನಗೆ ಹೊಳೆದದ್ದು ಯಾವುದೋ ಗ್ರಂಥದಿಂದಲ್ಲ, ಒಬ್ಬ ವಿದ್ಯಾರ್ಥಿಯಿಂದ. ನಾನು ಅಧ್ಯಾಪಕನಾಗಿ ಕೆಲವು ವರ್ಷಗಳಾಗಿದ್ದವು. ಒಂದು ದಿನ ಪಾಠ ಮಾಡುತ್ತಾ ಒಂದು ಉದಾಹರಣೆ ಹೇಳಲು ಬಾಯಿ ತೆರೆದೆ. ಮುಂದಿನ ಸಾಲಿನ ಹುಡುಗ ನನಗಿಂತ ಮೊದಲೇ ಆ ಉದಾಹರಣೆಯನ್ನು ಹೇಳಿಬಿಟ್ಟ. ಅವನ ಕೈಯಲ್ಲಿ ಅವನ ಅಣ್ಣನ ಹಳೆಯ ನೋಟ್ ಪುಸ್ತಕವಿತ್ತು. ಅದರಲ್ಲಿ ನನ್ನ ಅದೇ ಪಾಠ, ಅದೇ ವಾಕ್ಯ, ಅದೇ ಉದಾಹರಣೆ. ತರಗತಿ ನಕ್ಕಿತು. ನಾನೂ ನಕ್ಕೆ. ಆದರೆ ಮನೆಗೆ ಹೋಗುವ ದಾರಿಯಲ್ಲಿ ನಗು ಉಳಿಯಲಿಲ್ಲ. ಇಷ್ಟು ವರ್ಷ ಮಕ್ಕಳು ಬದಲಾಗಿದ್ದರು, ನಾನು ಮಾತ್ರ ನಿಂತಲ್ಲಿಯೇ ನಿಂತಿದ್ದೆ.

ಆಗ ನನಗೆ ನೆನಪಾದ ಒಬ್ಬ ಅಧ್ಯಾಪಕರ ಜೀವನವನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ. ಅವರ ಹೆಸರು ನಿಮಗೆ ಗೊತ್ತು. ಡಾ. ಝಾಕಿರ್ ಹುಸೈನ್. ಭಾರತದ ಮೂರನೆಯ ರಾಷ್ಟ್ರಪತಿ ಎಂದು ಶಾಲಾ ಪುಸ್ತಕದಲ್ಲಿ ಓದಿರುತ್ತೀರಿ. ಆದರೆ ರಾಷ್ಟ್ರಪತಿಯಾಗಿ ಅವರು ಕಳೆದದ್ದು ಎರಡು ವರ್ಷಗಳಿಗೂ ಕಡಿಮೆ. ಶಿಕ್ಷಣ ಸಂಸ್ಥೆಗಳಲ್ಲಿ ಕಳೆದದ್ದು ಮೂವತ್ತಕ್ಕೂ ಹೆಚ್ಚು ವರ್ಷ. ಆ ಮೂವತ್ತು ವರ್ಷಗಳ ಬಗ್ಗೆ ನಮ್ಮ ಮನೆಗಳಲ್ಲಿ ಮಾತೇ ಆಗುವುದಿಲ್ಲ.

ಅವರು ಹುಟ್ಟಿದ್ದು 1897ರ ಫೆಬ್ರವರಿ 8ರಂದು, ಹೈದರಾಬಾದಿನಲ್ಲಿ. ಮೂಲತಃ ಉತ್ತರ ಪ್ರದೇಶದ ಫರೂಖಾಬಾದ್ ಜಿಲ್ಲೆಯ ಕಾಯಿಮ್‌ಗಂಜ್‌ನ ಪಠಾಣ್ ಮನೆತನ. ತಂದೆ ಫಿದಾ ಹುಸೈನ್ ಖಾನ್ ವಕೀಲರು. 1907ರಲ್ಲಿ ತಂದೆ ತೀರಿಹೋದಾಗ ಹುಡುಗನಿಗೆ ಹತ್ತು ವರ್ಷ. ಕುಟುಂಬ ಕಾಯಿಮ್‌ಗಂಜ್‌ಗೆ ಮರಳಿತು. ಹುಡುಗನನ್ನು ಇಟಾವಾದ ಇಸ್ಲಾಮಿಯಾ ಹೈಸ್ಕೂಲಿಗೆ ಸೇರಿಸಿದರು. ಅವನು ಅಲ್ಲಿ ಓದುತ್ತಿದ್ದಾಗ, 1911ರಲ್ಲಿ, ಪ್ಲೇಗಿಗೆ ತಾಯಿಯೂ ಬಲಿಯಾದರು. ಹದಿನಾಲ್ಕರ ಹರೆಯದಲ್ಲಿ ತಂದೆಯೂ ಇಲ್ಲ, ತಾಯಿಯೂ ಇಲ್ಲ.

ಇಂತಹ ಮಕ್ಕಳು ನಮ್ಮ ನಿಮ್ಮ ಊರಲ್ಲೂ ಇದ್ದಾರೆ. ಅವರಲ್ಲಿ ಕೆಲವರು ದಾರಿ ತಪ್ಪುತ್ತಾರೆ, ಕೆಲವರು ಬೆಳೆಯುತ್ತಾರೆ. ವ್ಯತ್ಯಾಸ ಎಷ್ಟೋ ಸಲ ಒಬ್ಬ ಒಳ್ಳೆಯ ಗುರುವಿನದ್ದಾಗಿರುತ್ತದೆ. ಝಾಕಿರ್ ಹುಸೈನರಿಗೆ ಇಟಾವಾದಲ್ಲಿ ಸಯ್ಯಿದ್ ಅಲ್ತಾಫ್ ಹುಸೈನ್ ಎಂಬ ಮುಖ್ಯೋಪಾಧ್ಯಾಯರು ಸಿಕ್ಕಿದರು. ರಜೆಯಲ್ಲಿ ಊರಿಗೆ ಬಂದರೆ ಹಸನ್ ಶಾಹ್ ಎಂಬ ಸೂಫಿ ಸಾಧಕರ ಸಹವಾಸ. ಈ ಬಡ ಫಕೀರರಿಗೆ ಪುಸ್ತಕದ ಹುಚ್ಚು. ಕೊಳ್ಳಲು ಆಗದ ಪುಸ್ತಕಗಳನ್ನು ಅವರು ಈ ಹುಡುಗನ ಕೈಯಿಂದ ನಕಲು ಬರೆಸುತ್ತಿದ್ದರು. ಸಾಲು ಸಾಲು ಬರೆಯುತ್ತಾ ಹುಡುಗನಿಗೆ ಅರಿವಿಲ್ಲದೆಯೇ ಓದು ರಕ್ತಗತವಾಯಿತು. ಕಲಿಯುವುದಕ್ಕೆ ವಯಸ್ಸು ಮುಗಿಯುವುದಿಲ್ಲ ಎಂಬುದನ್ನು ಅವನು ಮೊದಲು ಕಂಡದ್ದು ಆ ಫಕೀರರಲ್ಲಿ.

ಮುಂದೆ ಅಲಿಗಢದ ಕಾಲೇಜು, ಪದವಿ, ಎಂ.ಎ. ಮತ್ತು ಕಾನೂನಿನ ಓದು. ಓದುತ್ತಿರುವಾಗಲೇ ಅಲ್ಲಿ ಪಾಠ ಹೇಳುವ ಅವಕಾಶವೂ ಸಿಕ್ಕಿತು. ಸರಕಾರಿ ನೌಕರಿಯ ಬಾಗಿಲು ತೆರೆದೇ ಇತ್ತು. ಆಗ ಬಂತು 1920ರ ಅಕ್ಟೋಬರ್. ಗಾಂಧೀಜಿ ಮತ್ತು ಅಲಿ ಸಹೋದರರು ಅಲಿಗಢಕ್ಕೆ ಬಂದು, ಬ್ರಿಟಿಷರ ನೆರವು ಪಡೆಯುವ ವಿದ್ಯಾಸಂಸ್ಥೆಗಳನ್ನು ಬಿಟ್ಟುಬನ್ನಿ ಎಂದು ಕರೆಕೊಟ್ಟರು. ಕರೆಗೆ ಓಗೊಟ್ಟ ಸಣ್ಣ ಗುಂಪಿನಲ್ಲಿ ಇಪ್ಪತ್ತಮೂರು ವರ್ಷದ ಝಾಕಿರ್ ಹುಸೈನ್ ಇದ್ದರು. ಅಕ್ಟೋಬರ್ 29ರಂದು ಮೌಲಾನಾ ಮಹ್ಮೂದ್ ಹಸನ್‌ರ ಹಸ್ತದಿಂದ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಉದ್ಘಾಟನೆಗೊಂಡಿತು. ಕಟ್ಟಡವಿಲ್ಲ, ಹಣವಿಲ್ಲ, ಡೇರೆಗಳಲ್ಲಿ ಪಾಠ. ಝಾಕಿರ್ ಹುಸೈನ್ ಅಲ್ಲಿ ಅಧ್ಯಾಪಕರಾದರು.

ಎರಡು ವರ್ಷ ಕಲಿಸಿದ ಮೇಲೆ ಅವರು ಮಾಡಿದ ಕೆಲಸವನ್ನು ಗಮನಿಸಿರಿ. ಕಲಿಸುವವನ ಪೀಠದಿಂದ ಇಳಿದು ಮತ್ತೆ ವಿದ್ಯಾರ್ಥಿಯ ಬೆಂಚಿನಲ್ಲಿ ಕುಳಿತರು. 1922ರಲ್ಲಿ ಜರ್ಮನಿಗೆ ಹೋದರು. ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದರು. ಆದರೆ ಅವರು ತಂದದ್ದು ಅದೊಂದನ್ನೇ ಅಲ್ಲ. ಅಲ್ಲಿಯ ಶಾಲೆಗಳನ್ನು ನೋಡಿದರು. ಕೈಕೆಲಸದ ಮೂಲಕ ಮಗುವಿನ ಬುದ್ಧಿ ಮತ್ತು ಗುಣವನ್ನು ಬೆಳೆಸಬಹುದು ಎಂದು ಸಾಧಿಸಿ ತೋರಿಸಿದ ಕೆರ್ಶೆನ್‌ಸ್ಟೈನರ್ ಎಂಬ ಶಿಕ್ಷಣ ತಜ್ಞರ ವಿಚಾರಗಳನ್ನು ಅಭ್ಯಸಿಸಿದರು. ಬರ್ಲಿನ್ನಿನ ಕಾವಿಯಾನಿ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವುದನ್ನೂ ಕಲಿತರು. ಮಿರ್ಝಾ ಗಾಲಿಬ್‌ರ ಕವನ ಸಂಗ್ರಹವೊಂದು ಅಲ್ಲಿ ಅಚ್ಚಾದಾಗ ಅದರ ಮೊಳೆಗಳನ್ನು ಜೋಡಿಸಿದ ಕೈಗಳಲ್ಲಿ ಈ ಸಂಶೋಧಕರ ಕೈಯೂ ಇತ್ತು.

ಅತ್ತ ಜಾಮಿಯಾದ ಸ್ಥಿತಿ ಹದಗೆಟ್ಟಿತ್ತು. ಖಿಲಾಫತ್ ಚಳವಳಿ ತಣ್ಣಗಾಯಿತು, ಹಣ ಬರುವುದು ನಿಂತಿತು. ಸಂಸ್ಥೆಯನ್ನು ಮುಚ್ಚಿಬಿಡುವುದೇ ಲೇಸೆಂದು ಹಲವರಿಗೆ ತೋರಿತು. ಸುದ್ದಿ ಜರ್ಮನಿಗೆ ತಲುಪಿದಾಗ ಝಾಕಿರ್ ಹುಸೈನ್ ಮತ್ತು ಅವರ ಗೆಳೆಯರಾದ ಆಬಿದ್ ಹುಸೈನ್, ಮುಹಮ್ಮದ್ ಮುಜೀಬ್ ತಾವು ಬರುವವರೆಗೆ ಮುಚ್ಚಬೇಡಿ ಎಂದು ಸಂದೇಶ ಕಳಿಸಿದರು. ಹಕೀಮ್ ಅಜ್ಮಲ್ ಖಾನ್ 1925ರಲ್ಲಿ ಸಂಸ್ಥೆಯನ್ನು ದಿಲ್ಲಿಯ ಕರೋಲ್‌ಬಾಗ್‌ಗೆ ತಂದು ಹೇಗೋ ಉಸಿರು ಹಿಡಿಸಿದ್ದರು. 1926ರಲ್ಲಿ ಮೂವರೂ ಮರಳಿದರು. ಇಪ್ಪತ್ತೊಂಬತ್ತರ ಹರೆಯದ ಝಾಕಿರ್ ಹುಸೈನ್ ಶೈಖುಲ್ ಜಾಮಿಯಾ, ಅಂದರೆ ಕುಲಪತಿಯಾದರು.

ಕುಲಪತಿ ಎಂದೊಡನೆ ಕಾರು ಬಂಗಲೆಯನ್ನು ಕಲ್ಪಿಸಿಕೊಳ್ಳಬೇಡಿ. 1927ರ ಕೊನೆಯಲ್ಲಿ ಹಕೀಮ್ ಸಾಹೇಬರೂ ತೀರಿಕೊಂಡರು. ಉಳಿದದ್ದು ಸಾಲ. ಆಗ 1928ರಲ್ಲಿ ಹನ್ನೊಂದು ಮಂದಿ ಅಧ್ಯಾಪಕರು ಸೇರಿ ಒಂದು ಪ್ರತಿಜ್ಞೆ ಕೈಗೊಂಡರು. ಇಪ್ಪತ್ತು ವರ್ಷ ಜಾಮಿಯಾದಲ್ಲೇ ದುಡಿಯುವುದು, ತಿಂಗಳಿಗೆ ನೂರೈವತ್ತು ರೂಪಾಯಿಗಿಂತ ಹೆಚ್ಚು ಸಂಬಳ ಕೇಳದಿರುವುದು. ಆ ಸಂಬಳವೂ ಎಷ್ಟೋ ತಿಂಗಳು ಪೂರ್ತಿ ಸಿಗುತ್ತಿರಲಿಲ್ಲ. ಬರ್ಲಿನ್ನಿನ ಡಾಕ್ಟರೇಟ್ ಹಿಡಿದು ಬೇರೆಲ್ಲಿ ಹೋದರೂ ಅದರ ಹಲವು ಪಟ್ಟು ದೊರೆಯುತ್ತಿತ್ತು.

ಪ್ರಿಯ ಓದುಗರೇ, ತ್ಯಾಗದ ಕಥೆಗಳನ್ನು ನಾವು ಧಾರಾಳ ಕೇಳಿದ್ದೇವೆ. ಆದರೆ ಈ ಅಧ್ಯಾಪಕರ ವಿಶೇಷ ತ್ಯಾಗದಲ್ಲಿ ಮಾತ್ರವಲ್ಲ. ಕಡಿಮೆ ಸಂಬಳಕ್ಕೆ ದುಡಿದರೆ ಸಾಕು, ಕರ್ತವ್ಯ ಮುಗಿಯಿತು ಎಂದು ಅವರು ತಿಳಿಯಲಿಲ್ಲ. ಬಡ ಅಧ್ಯಾಪಕನೂ ಸಮರ್ಥ ಅಧ್ಯಾಪಕನಾಗಿರಬೇಕು, ಅದು ಮಗುವಿನ ಹಕ್ಕು ಎಂದು ತಿಳಿದರು. ಜಾಮಿಯಾದ ಪ್ರಾಥಮಿಕ ಶಾಲೆಯಲ್ಲಿ ಗಿಣಿಪಾಠದ ಬದಲು ಮಕ್ಕಳು ಒಂದೊಂದು ಕೆಲಸವನ್ನು ಕೈಗೆತ್ತಿಕೊಂಡು, ಅದನ್ನು ಮಾಡುತ್ತಾ ಲೆಕ್ಕ, ಭಾಷೆ ಕಲಿಯುವ ವಿಧಾನ ಬಂತು. ಮಕ್ಕಳದ್ದೇ ಬ್ಯಾಂಕು, ಮಕ್ಕಳದ್ದೇ ಅಂಗಡಿ. ಈ ರೀತಿ ಕಲಿಸಬೇಕಾದರೆ ಅಧ್ಯಾಪಕರು ಮೊದಲು ತಮ್ಮ ಹಳೆಯ ಅಭ್ಯಾಸಗಳನ್ನು ಮರೆಯಬೇಕಿತ್ತು. ಹೊಸದನ್ನು ಕಲಿಯುವುದಕ್ಕಿಂತ ಹಳೆಯದನ್ನು ಬಿಡುವುದು ಎಷ್ಟು ಕಷ್ಟ ಎಂಬುದು ಅಧ್ಯಾಪಕರಿಗೇ ಗೊತ್ತು. ಜರ್ಮನಿಯಲ್ಲಿ ಪರಿಚಯವಾಗಿದ್ದ ಗೆರ್ಡಾ ಫಿಲಿಪ್ಸ್‌ಬಾರ್ನ್ ಎಂಬ ಯಹೂದಿ ಮಹಿಳೆ ಬಂದು ಪುಟಾಣಿಗಳ ವಿಭಾಗಕ್ಕೆ ತಮ್ಮನ್ನು ಅರ್ಪಿಸಿಕೊಂಡರು. ಮಕ್ಕಳು ಅವರನ್ನು ಆಪಾಜಾನ್ ಎಂದು ಕರೆದರು. ಜ್ಞಾನ ಯಾರಲ್ಲಿದ್ದರೂ ಅವರಿಂದ ಕಲಿಯಲು ಜಾಮಿಯಾಕ್ಕೆ ಸಂಕೋಚವಿರಲಿಲ್ಲ. 1943ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಅಲ್ಲಿಯೇ ಇದೆ.

ಕುಲಪತಿಯು ಅಧ್ಯಾಪಕರಿಗೆ ಕಲಿಸುತ್ತಿದ್ದದ್ದು ಭಾಷಣದಿಂದಲ್ಲ. ಅವರ ಬಗ್ಗೆ ಬಹಳ ಪ್ರಸಿದ್ಧವಾದ ಒಂದು ಪ್ರಸಂಗ ಇದೆ. ವಿದ್ಯಾರ್ಥಿಗಳು ಕೊಳಕು ಬೂಟು ಹಾಕಿಕೊಂಡು ಬರುತ್ತಿದ್ದರಂತೆ. ಎಷ್ಟು ಹೇಳಿದರೂ ಕೇಳಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಗೇಟಿನ ಬಳಿ ಬ್ರಶ್ ಮತ್ತು ಪಾಲಿಶ್ ಹಿಡಿದು ಒಬ್ಬರು ಕುಳಿತಿದ್ದಾರೆ. ಸಾಕ್ಷಾತ್ ಕುಲಪತಿ! ಅಂದಿನಿಂದ ಬೂಟಿನ ಬಗ್ಗೆ ಯಾರಿಗೂ ಹೇಳಬೇಕಾಗಿ ಬರಲಿಲ್ಲ. ಬೆತ್ತ ಹಿಡಿದೇ ಶಿಸ್ತು ಕಲಿಸಬೇಕೆಂದು ನಂಬಿದ ಅಧ್ಯಾಪಕನಿಗೆ ಇದಕ್ಕಿಂತ ದೊಡ್ಡ ತರಬೇತಿ ಯಾವುದಿದೆ?

ಇನ್ನೊಂದು ಪ್ರಸಂಗವನ್ನು ಅವರ ನಿಕಟವರ್ತಿಗಳು ದಾಖಲಿಸಿದ್ದಾರೆ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಅವರು ಮಿಠಾಯಿ ಹಂಚುತ್ತಿದ್ದರು. ಅವರ ಪುಟ್ಟ ಮಗಳು ರೈಹಾನಾ ಅನಾರೋಗ್ಯದಿಂದಿದ್ದಳು. ಮಗು ತೀರಿಹೋಯಿತೆಂದು ಯಾರೋ ಬಂದು ಕಿವಿಯಲ್ಲಿ ಹೇಳಿದರು. ಅವರು ಮಿಠಾಯಿ ಹಂಚುವುದನ್ನು ನಿಲ್ಲಿಸಲಿಲ್ಲ. ಸುದ್ದಿ ಹಬ್ಬಿ, ಎಲ್ಲರೂ ಎದ್ದ ಮೇಲೆಯೇ ಮನೆಗೆ ಹೋದರು. ನಗುತ್ತಿದ್ದ ಮಕ್ಕಳ ಸಂತೋಷವನ್ನು ಕೆಡಿಸುವುದು ಅವರಿಗೆ ಬೇಕಿರಲಿಲ್ಲ. ಆ ತಂದೆಯ ಹೃದಯದಲ್ಲಿ ಏನಾಗಿತ್ತೆಂಬುದನ್ನು ಅಲ್ಲಾಹನೇ ಬಲ್ಲ. ನಮಗೆ ಗೊತ್ತಿರುವುದು ಇಷ್ಟೇ. ಅವರು ಮಕ್ಕಳಿಗಾಗಿ ಬರೆದ ಕಥೆಗಳನ್ನು ರುಕಯ್ಯಾ ರೈಹಾನಾ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಅಬ್ಬೂ ಖಾನನ ಆಡಿನ ಕಥೆಯನ್ನು ಉರ್ದು ಬಲ್ಲವರು ಇಂದಿಗೂ ಮಕ್ಕಳಿಗೆ ಓದಿಸುತ್ತಾರೆ.

1935ರ ಮಾರ್ಚ್ 1ರಂದು ಓಖ್ಲಾದಲ್ಲಿ ಜಾಮಿಯಾದ ಹೊಸ ಕಟ್ಟಡಕ್ಕೆ ಅಡಿಗಲ್ಲು ಹಾಕುವ ಸಮಾರಂಭ. ದೊಡ್ಡ ದೊಡ್ಡ ನಾಯಕರಿದ್ದ ಆ ಕಾಲದಲ್ಲಿ ಕಲ್ಲು ಇಡಲು ಕರೆದದ್ದು ಶಾಲೆಯ ಅತಿ ಕಿರಿಯ ವಿದ್ಯಾರ್ಥಿಯನ್ನು. ವಿದ್ಯಾಸಂಸ್ಥೆ ಯಾರಿಗಾಗಿ ಇದೆ ಎಂಬುದರ ಬಗ್ಗೆ ಅಲ್ಲಿ ಯಾರಿಗೂ ಗೊಂದಲವಿರಲಿಲ್ಲ.

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. 1937ರ ಅಕ್ಟೋಬರಿನಲ್ಲಿ ಗಾಂಧೀಜಿ ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನವನ್ನು ಕರೆದರು. ಹಳ್ಳಿಯ ಮಕ್ಕಳಿಗೆ ಒಂದು ಕಸುಬಿನ ಮೂಲಕ ಶಿಕ್ಷಣ ಕೊಡಬೇಕು, ಮಕ್ಕಳು ತಯಾರಿಸಿದ ವಸ್ತುಗಳಿಂದ ಶಾಲೆಯ ಖರ್ಚೂ ನಡೆಯಬೇಕು ಎಂಬುದು ಅವರ ಯೋಚನೆ. ಝಾಕಿರ್ ಹುಸೈನ್ ಎದ್ದು ನಿಂತರು. ಕಸುಬಿನ ಮೂಲಕ ಕಲಿಕೆ ಸರಿಯೇ, ಆದರೆ ಇದು ಪೂರ್ತಿ ಹೊಸ ವಿಚಾರವೇನೂ ಅಲ್ಲ ಎಂದರು. ಖರ್ಚು ಹುಟ್ಟಿಸುವುದೇ ಗುರಿಯಾದರೆ ಅಧ್ಯಾಪಕನು ಮಕ್ಕಳಿಂದ ಗುಲಾಮರಂತೆ ದುಡಿಸುವ ಮೇಸ್ತ್ರಿಯಾಗಬಹುದು ಎಂದೂ ಎಚ್ಚರಿಸಿದರು. ಗಾಂಧೀಜಿಯವರ ಎದುರು, ಅವರದ್ದೇ ಸಭೆಯಲ್ಲಿ ಹೇಳಿದ ಮಾತು. ಗಾಂಧೀಜಿ ಕೋಪಿಸಿಕೊಳ್ಳಲಿಲ್ಲ. ಯೋಜನೆಯನ್ನು ರೂಪಿಸುವ ಸಮಿತಿಗೆ ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿದರು.

ಆ ವರ್ಷದ ಡಿಸೆಂಬರಿನಲ್ಲೇ ವರದಿ ಸಿದ್ಧವಾಯಿತು. ಏಳರಿಂದ ಹದಿನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣ, ಅದು ಮಾತೃಭಾಷೆಯಲ್ಲಿ, ಒಂದು ಕಸುಬಿನ ಸುತ್ತ ಎಂಬುದು ಅದರ ಸಾರ. ನಮ್ಮ ಊರಿನ ಹಿರಿಯರಲ್ಲಿ ಕೇಳಿ ನೋಡಿ. ಶಾಲೆಯಲ್ಲಿ ತಕಲಿ ಹಿಡಿದು ನೂಲು ತೆಗೆದದ್ದನ್ನು ಕೆಲವರಾದರೂ ನೆನಪಿಸಿಕೊಂಡಾರು. ಅದರ ಬೇರು ಇದೇ ಯೋಜನೆಯಲ್ಲಿದೆ.

ಆದರೆ ಆ ವರದಿಯಲ್ಲಿ ಜನರ ಕಣ್ಣಿಗೆ ಬೀಳದ ಒಂದು ಭಾಗವಿತ್ತು. ಅದು ಅಧ್ಯಾಪಕರ ತರಬೇತಿ. ಪೂರ್ಣ ತರಬೇತಿಗೆ ಮೂರು ವರ್ಷ, ತುರ್ತಾಗಿ ಆರಂಭಿಸಲು ಒಂದು ವರ್ಷದ ಕಿರು ತರಬೇತಿ ಎಂದು ಸಮಿತಿ ಸೂಚಿಸಿತು. ಏಳನೇ ತರಗತಿ ಪಾಸಾದವನೂ ಮಾಸ್ತರನಾಗುತ್ತಿದ್ದ ಕಾಲದಲ್ಲಿ ಮೂರು ವರ್ಷದ ತರಬೇತಿ ಎಂಬುದು ಸಣ್ಣ ಮಾತಲ್ಲ. ಮರುವರ್ಷ, 1938ರಲ್ಲಿ, ಜಾಮಿಯಾದಲ್ಲಿಯೇ ಅಧ್ಯಾಪಕರ ತರಬೇತಿ ಸಂಸ್ಥೆಯೊಂದು ತೆರೆಯಿತು. ಅದಕ್ಕಿಟ್ಟ ಹೆಸರು ಎಷ್ಟು ಸರಳ, ಎಷ್ಟು ಅರ್ಥಪೂರ್ಣ! ಉಸ್ತಾದೋಂ ಕಾ ಮದ್ರಸಾ. ಉಸ್ತಾದರ ಮದ್ರಸ.

ಆ ಹೆಸರಿನ ಮೇಲೆ ಒಂದು ಕ್ಷಣ ನಿಲ್ಲಿರಿ. ಮದ್ರಸ ಎಂದರೆ ಮಕ್ಕಳು ಹೋಗುವ ಜಾಗ ಎಂದು ನಾವು ತಿಳಿದಿದ್ದೇವೆ. ಇಲ್ಲಿ ಉಸ್ತಾದರೇ ಮದ್ರಸಕ್ಕೆ ಹೋಗುತ್ತಾರೆ. ಕೈಯಲ್ಲಿ ಮಣ್ಣು, ಮರ, ನೂಲು ಹಿಡಿದು ಕಸುಬು ಕಲಿಯುತ್ತಾರೆ. ಪಕ್ಕದಲ್ಲೇ ಇದ್ದ ಜಾಮಿಯಾದ ಶಾಲೆಯಲ್ಲಿ ಮಗು ಹೇಗೆ ಕಲಿಯುತ್ತದೆಂದು ನೋಡುತ್ತಾರೆ. ಮಗು ಉತ್ತರ ಹೇಳಲಿಲ್ಲವಾದರೆ ತಪ್ಪು ಮಗುವಿನದ್ದೋ, ಕಲಿಸಿದ ರೀತಿಯದ್ದೋ ಎಂದು ತಮ್ಮನ್ನೇ ಕೇಳಿಕೊಳ್ಳುವುದನ್ನು ಕಲಿಯುತ್ತಾರೆ.

ಒಳ್ಳೆಯ ಅಧ್ಯಾಪಕ ಎಂದರೆ ಯಾರು ಎಂಬ ಬಗ್ಗೆ ಝಾಕಿರ್ ಹುಸೈನ್ ಉರ್ದುವಿನಲ್ಲಿ ಒಂದು ಸುಂದರ ಉಪನ್ಯಾಸ ನೀಡಿದ್ದಾರೆ. ಅವರ ಶೈಕ್ಷಣಿಕ ಭಾಷಣಗಳ ಸಂಗ್ರಹದಲ್ಲಿ ಅದು ಸೇರಿದೆ. ಅವರ ದೃಷ್ಟಿಯಲ್ಲಿ ಅಧ್ಯಾಪಕನ ಮೊದಲ ಗುಣ ಪಾಂಡಿತ್ಯವಲ್ಲ, ಪ್ರೀತಿ. ಎಲ್ಲರೂ ಕೈಬಿಟ್ಟ ಮಗುವಿನ ಬಗ್ಗೆ ತಾಯಿ ಹೇಗೆ ನಿರಾಶಳಾಗುವುದಿಲ್ಲವೋ ಹಾಗೆಯೇ ಒಳ್ಳೆಯ ಅಧ್ಯಾಪಕನೂ ನಿರಾಶನಾಗುವುದಿಲ್ಲ ಎಂಬುದು ಅವರ ಅಭಿಪ್ರಾಯ. ಹಾಗಾದರೆ ತರಬೇತಿ ಏಕೆ, ಪ್ರೀತಿಯಿದ್ದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಮಗುವನ್ನು ಪ್ರೀತಿಸುವ ತಾಯಿ ಕಾಯಿಲೆ ಬಂದಾಗ ಮದ್ದು ಗೊತ್ತಿರುವವರನ್ನು ಹುಡುಕಿಕೊಂಡು ಹೋಗುತ್ತಾಳೆ. ಮಗುವನ್ನು ಪ್ರೀತಿಸುವ ಅಧ್ಯಾಪಕನೂ ತನಗೆ ತಿಳಿಯದ್ದನ್ನು ಹುಡುಕಿಕೊಂಡು ಹೋಗಲೇಬೇಕು.

ವಾರ್ಧಾ ಯೋಜನೆಗೆ ವಿರೋಧಗಳೂ ಬಂದವು. ಮುಸ್ಲಿಮರಲ್ಲೇ ಅನೇಕರು ಅದನ್ನು ಸಂಶಯದಿಂದ ನೋಡಿದರು, ಧಾರ್ಮಿಕ ಶಿಕ್ಷಣಕ್ಕೆ ಅದರಲ್ಲಿ ಸ್ಥಾನವಿಲ್ಲವೆಂದು ಆಕ್ಷೇಪಿಸಿದರು. ಝಾಕಿರ್ ಹುಸೈನರ ಮೇಲೆ ಕಟು ಟೀಕೆಗಳಾದವು. ಅವರು ಕೆಲಸ ಬಿಡಲಿಲ್ಲ. ಸ್ವಾತಂತ್ರ್ಯಾನಂತರ ಈ ಶಿಕ್ಷಣ ಸರಕಾರದ ನೀತಿಯಾಯಿತು. ಬೋರ್ಡುಗಳು ಬದಲಾದವು. ಆದರೆ ಆ ರೀತಿ ಕಲಿಸಬಲ್ಲ ಅಧ್ಯಾಪಕರು ಸಾಕಷ್ಟು ತಯಾರಾಗಲಿಲ್ಲ. ತಕಲಿ ತಿರುಗಿತು, ಪಾಠ ಮಾತ್ರ ಹಿಂದಿನಂತೆಯೇ ಸಾಗಿತು. ಇದು ಶಿಕ್ಷಣವೇ ಅಲ್ಲ, ಅದರ ಹೆಸರಿನಲ್ಲಿ ನಡೆಯುತ್ತಿರುವ ಕಾಟಾಚಾರ ಎಂಬ ಅರ್ಥದ ಮಾತನ್ನು ಮುಂದೆ ಝಾಕಿರ್ ಹುಸೈನರೇ ಬಹಿರಂಗವಾಗಿ ಹೇಳಿದರು. ತಾನೇ ನೆಟ್ಟ ಗಿಡ ಸೊರಗಿದೆ ಎಂದು ಒಪ್ಪಿಕೊಳ್ಳಲು ಎಷ್ಟು ಪ್ರಾಮಾಣಿಕತೆ ಬೇಕು!

ಉಳಿದ ಕಥೆ ನಿಮಗೆ ಗೊತ್ತಿರುವಂಥದ್ದೇ. ದೇಶ ವಿಭಜನೆಯ ಗಲಭೆಯಲ್ಲಿ, 1947ರ ಆಗಸ್ಟಿನಲ್ಲಿ, ಜಾಲಂಧರ್ ರೈಲು ನಿಲ್ದಾಣದಲ್ಲಿ ಅವರು ಕೊಲೆಗಡುಕರ ಕೈಗೆ ಸಿಕ್ಕಿದ್ದರು. ಒಬ್ಬ ಸಿಖ್ ಸೇನಾಧಿಕಾರಿ ಮತ್ತು ಒಬ್ಬ ಹಿಂದೂ ರೈಲ್ವೆ ಅಧಿಕಾರಿ ಅವರ ಪ್ರಾಣ ಉಳಿಸಿದರು. 1948ರಲ್ಲಿ, ಪ್ರತಿಜ್ಞೆಯ ಇಪ್ಪತ್ತು ವರ್ಷ ಮುಗಿದಾಗ, ಅಲಿಗಢ ವಿಶ್ವವಿದ್ಯಾಲಯದ ಕುಲಪತಿಯಾದರು. ಭಯದಿಂದ ಮುದುಡಿದ್ದ ಆ ಸಂಸ್ಥೆಯನ್ನು 1956ರವರೆಗೆ ನಡೆಸಿದರು. 1957ರಲ್ಲಿ ಬಿಹಾರದ ರಾಜ್ಯಪಾಲ, 1962ರಲ್ಲಿ ಉಪರಾಷ್ಟ್ರಪತಿ, 1963ರಲ್ಲಿ ಭಾರತರತ್ನ, 1967ರ ಮೇ 13ರಂದು ರಾಷ್ಟ್ರಪತಿ. 1969ರ ಮೇ 3ರಂದು ಅಧಿಕಾರದಲ್ಲಿದ್ದಾಗಲೇ ಅಲ್ಲಾಹನೆಡೆಗೆ ಮರಳಿದರು. ಅವರನ್ನು ದಫನ ಮಾಡಿದ್ದು ಜಾಮಿಯಾದ ಆವರಣದಲ್ಲಿ. ಅವರ ಕಾಲದ ಉಸ್ತಾದರ ಮದ್ರಸ ಇಂದು ಬೆಳೆದು ದೊಡ್ಡ ಶಿಕ್ಷಣ ವಿಭಾಗವಾಗಿದೆ. ಅಲ್ಲಿ ಇಂದಿಗೂ ಅಧ್ಯಾಪಕರು ತಯಾರಾಗುತ್ತಾರೆ.

ಈಗ ನಮ್ಮ ಊರಿಗೆ ಬರೋಣ. ಸರಕಾರಿ ಶಾಲೆಯ ಅಧ್ಯಾಪಕರಿಗೆ ಪುನಶ್ಚೇತನ ಶಿಬಿರಗಳು ನಡೆಯುತ್ತವೆ. ಅಲ್ಲಿ ಮನಸ್ಸಿಟ್ಟು ಕುಳಿತುಕೊಳ್ಳುವವರೂ ಇದ್ದಾರೆ, ಹಾಜರಿಗೆ ಸಹಿ ಹಾಕಿ ಚಹಾ ಕುಡಿದು ಬರುವವರೂ ಇದ್ದಾರೆ. ನಾನು ಎರಡನೆಯ ರೀತಿಯಲ್ಲಿಯೂ ಕುಳಿತಿದ್ದೇನೆ ಎಂದು ಒಪ್ಪಿಕೊಳ್ಳುತ್ತೇನೆ. ನಮ್ಮ ಮದ್ರಸಗಳ ಎಷ್ಟೋ ಉಸ್ತಾದರಿಗಂತೂ ಅಂಥ ಅವಕಾಶವೇ ಇಲ್ಲ. ಕಲಿತು ಸನದು ಪಡೆದು ಬಂದ ಯುವಕನನ್ನು ನಲ್ವತ್ತು ಮಕ್ಕಳ ಮುಂದೆ ನಿಲ್ಲಿಸುತ್ತೇವೆ. ಮಕ್ಕಳಿಗೆ ಹೇಗೆ ಕಲಿಸಬೇಕೆಂದು ಅವನಿಗೆ ಯಾರೂ ಕಲಿಸಿರುವುದಿಲ್ಲ. ಅವನ ಕೈಗೆ ಬರುವುದು ತಾನು ತಿಂದ ಬೆತ್ತ ಮಾತ್ರ. ಮತ್ತೆ ಮಗು ಮದ್ರಸಕ್ಕೆ ಹೋಗಲು ಅಳುತ್ತದೆ ಎಂದು ನಾವೇ ದೂರುತ್ತೇವೆ.

ಮಸೀದಿಗೆ ನೆಲಹಾಸು ಬದಲಿಸಲು, ಗೋಡೆಗೆ ಬಣ್ಣ ಬಳಿಯಲು ಜಮಾಅತ್ ಕಮಿಟಿಯಲ್ಲಿ ಹಣ ಒಟ್ಟಾಗುತ್ತದೆ. ಅದು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಅದೇ ಲೆಕ್ಕದಲ್ಲಿ ಉಸ್ತಾದರಿಗೆ ವರ್ಷಕ್ಕೆ ನಾಲ್ಕು ಪುಸ್ತಕ ಕೊಳ್ಳಲು, ರಜೆಯಲ್ಲಿ ಒಂದು ವಾರ ತರಬೇತಿಗೆ ಹೋಗಿಬರಲು, ಹತ್ತಿರದ ಒಳ್ಳೆಯ ಶಾಲೆಯ ತರಗತಿಯಲ್ಲಿ ಕುಳಿತು ನೋಡಲು ಒಂದು ಸಾಲು ಏಕಿಲ್ಲ? ಅವರ ಸಂಬಳ ಮನೆಗೇ ಸಾಲದಿರುವಾಗ ಪುಸ್ತಕವನ್ನು ಎಲ್ಲಿಂದ ಕೊಳ್ಳುತ್ತಾರೆ? ಜಾಮಿಯಾದ ಹನ್ನೊಂದು ಮಂದಿ ಹಸಿವನ್ನು ತಾವಾಗಿಯೇ ಆರಿಸಿಕೊಂಡರು. ನಮ್ಮ ಉಸ್ತಾದರ ಮೇಲೆ ಅದನ್ನು ಹೇರುವ ಹಕ್ಕು ನಮಗಿಲ್ಲ.

ಇನ್ನು ನನ್ನಂಥ ಅಧ್ಯಾಪಕ ಸಹೋದರ ಸಹೋದರಿಯರಿಗೆ ಒಂದು ಮಾತು. ಕಮಿಟಿ ಕೊಡಲಿ, ಸರಕಾರ ಕರೆಯಲಿ ಎಂದು ಕಾದು ಕುಳಿತುಕೊಳ್ಳಬೇಕಾಗಿಲ್ಲ. ಒಂದೇ ಊರಿನ ನಾಲ್ವರು ಅಧ್ಯಾಪಕರು ತಿಂಗಳಿಗೊಮ್ಮೆ ಅಸರ್ ನಮಾಝಿನ ಬಳಿಕ ಒಟ್ಟು ಕುಳಿತು, ಈ ತಿಂಗಳು ಯಾವ ಪಾಠ ಮಕ್ಕಳಿಗೆ ಅರ್ಥವಾಗಲಿಲ್ಲ, ಏಕೆ ಎಂದು ಮಾತಾಡಿದರೆ ಅದೂ ಉಸ್ತಾದರ ಮದ್ರಸವೇ. ನಾವು ಕೆಲವರು ಅದನ್ನು ಆರಂಭಿಸಿದ್ದೇವೆ. ಮೊದಲ ಸಭೆಯಲ್ಲಿ ತನ್ನ ತಪ್ಪು ಹೇಳಿಕೊಳ್ಳಲು ಎಲ್ಲರಿಗೂ ನಾಚಿಕೆ. ನಾನು ಆ ಹುಡುಗನ ನೋಟ್ ಪುಸ್ತಕದ ಕಥೆಯಿಂದಲೇ ಆರಂಭಿಸಿದೆ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಾಯಿ ಬಿಟ್ಟರು.

ಪ್ರವಾದಿವರ್ಯರಿಗೆ(ಸ) ಅವತೀರ್ಣವಾದ ಮೊದಲ ದಿವ್ಯವಾಣಿ ಓದಿನ ಆದೇಶದಿಂದಲೇ ಆರಂಭವಾಯಿತೆಂದು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಜ್ಞಾನವನ್ನು ಹೆಚ್ಚಿಸೆಂದು ಪ್ರಾರ್ಥಿಸಲು ಅಲ್ಲಾಹನು ಮನುಕುಲದ ಆ ಮಹಾನ್ ಗುರುವಿಗೇ(ಸ) ಕಲಿಸಿಕೊಟ್ಟನು. ಹಾಗಿರುವಾಗ ಒಂದು ಸನದು, ಒಂದು ಬಿ.ಎ. ಪಡೆದ ನಾವು ಇನ್ನು ಸಾಕು ಎಂದು ಪುಸ್ತಕ ಮುಚ್ಚಿಡುವುದು ಹೇಗೆ? ನಿಮ್ಮ ಮಗು ನಮ್ಮ ಕೈಯಲ್ಲಿರುವ ಅಮಾನತ್ತು. ಅದರ ಲೆಕ್ಕ ಪರಲೋಕದಲ್ಲಿ ಕೊಡಬೇಕಿದೆ.

ಆದ್ದರಿಂದ ಮುಂದಿನ ಸಲ ನಿಮ್ಮ ಮಗುವಿನ ಅಧ್ಯಾಪಕರು ಎದುರಾದಾಗ ಮಗನಿಗೆ ಎಷ್ಟು ಅಂಕ ಬಂತೆಂದು ಮಾತ್ರ ಕೇಳಬೇಡಿ. ಸಲಾಮ್ ಹೇಳಿ, ಯೋಗಕ್ಷೇಮ ವಿಚಾರಿಸಿ, ಇತ್ತೀಚೆಗೆ ಏನು ಓದಿದಿರಿ ಎಂದು ಪ್ರೀತಿಯಿಂದ ಕೇಳಿರಿ. ನಿಮ್ಮ ಮನೆಯಲ್ಲಿ ಒಳ್ಳೆಯ ಪುಸ್ತಕವಿದ್ದರೆ ಅವರ ಕೈಗೆ ಕೊಡಿರಿ.

ಅಲ್ಲಾಹನು ನಮ್ಮ ಅಧ್ಯಾಪಕರ ಜ್ಞಾನವನ್ನೂ ನಮ್ಮ ಮಕ್ಕಳ ಜ್ಞಾನವನ್ನೂ ಹೆಚ್ಚಿಸಲಿ. ಆಮೀನ್.